ಗೆದ್ದ ಡ್ರಾಯಿಂಗ್‌ಗಿಂತ ಮೊದಲು ಬ್ರೀಫ್ ಓದಿ: ಲಂಡನ್ ನ್ಯಾಷನಲ್ ಗ್ಯಾಲರಿಯ ವಿಸ್ತರಣೆ

ಮ್ಯೂಸಿಯಂ ವಿಸ್ತರಣೆಯ ಸ್ಪರ್ಧೆ ಎಂದ ಕೂಡಲೇ ನಾವೆಲ್ಲ ಗೆದ್ದ ಡ್ರಾಯಿಂಗ್ ಹುಡುಕುತ್ತೇವೆ. ಅದಕ್ಕೂ ಮೊದಲು ಓದಬೇಕಾದ್ದು ಬ್ರೀಫ್. ಯಾವ ಕೋಣೆಗಳು ಬೇಕು, ಎಷ್ಟು ಜಾಗ, ದುಡ್ಡು ಎಲ್ಲಿಂದ, ಹಳೆಯ ಕಟ್ಟಡಕ್ಕೆ ಎಲ್ಲಿ ಸೇರಬೇಕು ಎಂದು ಆಯೋಜಕರು ಬರೆದುಕೊಡುವ ಕಾಗದ ಅದು. ಅದೇ ಸರಿಯಿಲ್ಲದಿದ್ದರೆ ಎಂಥ ಒಳ್ಳೆಯ ಆರ್ಕಿಟೆಕ್ಟ್ ಕೂಡ ಸೋಲುತ್ತಾರೆ. ಇದನ್ನು ಕಲಿಯಲು ಲಂಡನ್ನಿನ ನ್ಯಾಷನಲ್ ಗ್ಯಾಲರಿಗಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಗ್ಯಾಲರಿ ಇರುವುದು ಟ್ರಫಾಲ್ಗರ್ ಚೌಕದಲ್ಲಿ. ವಿಲಿಯಂ ವಿಲ್ಕಿನ್ಸ್ ವಿನ್ಯಾಸ ಮಾಡಿದ ಹಳೆಯ ಕಟ್ಟಡ 1838ರದು. ಅದರ ಪಕ್ಕದಲ್ಲಿದ್ದ ಪೀಠೋಪಕರಣದ ಅಂಗಡಿ ಎರಡನೇ ಮಹಾಯುದ್ಧದ ಬಾಂಬಿಗೆ ಹಾಳಾಯಿತು. ಆ ಜಾಗ ದಶಕಗಳ ಕಾಲ ಖಾಲಿಯೇ ಉಳಿಯಿತು.

1980ರ ದಶಕದ ಶುರುವಿನಲ್ಲಿ ಅಲ್ಲಿ ಹೊಸ ಭಾಗ ಕಟ್ಟುವ ಯೋಚನೆ ಬಂತು. ಆದರೆ ಸರ್ಕಾರ ಕಟ್ಟಡಕ್ಕೆ ದುಡ್ಡು ಕೊಡಲು ತಯಾರಿರಲಿಲ್ಲ. ಹಾಗಾಗಿ ಡೆವಲಪರ್ ಮತ್ತು ಆರ್ಕಿಟೆಕ್ಟ್ ಒಟ್ಟಿಗೆ ಸ್ಪರ್ಧಿಸಬೇಕು ಎಂದಾಯಿತು. ಮೇಲೆ ಗ್ಯಾಲರಿ, ಕೆಳಗೆ ಆಫೀಸು. ಆಫೀಸಿನ ಆದಾಯದಲ್ಲಿ ಗ್ಯಾಲರಿಯ ಖರ್ಚು ಹುಟ್ಟಬೇಕು.

ಇಲ್ಲಿ ಸ್ವಲ್ಪ ನಿಲ್ಲಿ. ಒಂದು ಸೆಕ್ಷನ್, ಅಂದರೆ ಕಟ್ಟಡವನ್ನು ಮೇಲಿಂದ ಕೆಳಕ್ಕೆ ಕತ್ತರಿಸಿದಂತೆ ತೋರಿಸುವ ಚಿತ್ರ, ಬಿಡಿಸಿ ನೋಡಿ. ಚಿತ್ರಗಳಿಗೆ ಚಾವಣಿಯಿಂದ ಬೆಳಕು ಬಂದರೆ ಒಳ್ಳೆಯದು, ಗೋಡೆಗಳೆಲ್ಲ ಚಿತ್ರ ತೂಗುಹಾಕಲು ಸಿಗುತ್ತವೆ. ಆಫೀಸಿಗೆ ಬೇಕಾದ್ದು ಇದಕ್ಕೆ ಪೂರ್ತಿ ಉಲ್ಟಾ: ಸಾಲು ಕಿಟಕಿ, ತಗ್ಗು ಚಾವಣಿ, ಆದಷ್ಟು ಜಾಸ್ತಿ ಮಹಡಿ. ಇವೆರಡನ್ನೂ ಒಂದೇ ಮುಖದ ಹಿಂದೆ ಅಡಗಿಸಬೇಕು. ಆ ಮುಖವಾದರೋ ದೇಶದ ಅತಿ ಮುಖ್ಯ ಚೌಕಕ್ಕೆ ಎದುರಾಗಿ ನಿಲ್ಲಬೇಕು. ಕಷ್ಟ ಅಲ್ವಾ?

1982ರಲ್ಲಿ ಏಳು ವಿನ್ಯಾಸಗಳನ್ನು ಗ್ಯಾಲರಿಯಲ್ಲೇ ಪ್ರದರ್ಶಿಸಿ ಜನರ ಅಭಿಪ್ರಾಯ ಕೇಳಿದರು. ರಿಚರ್ಡ್ ರೋಜರ್ಸ್ ಅವರ ವಿನ್ಯಾಸವನ್ನು ಮೆಚ್ಚಿದವರೂ ಬಹಳ, ಬೇಡ ಅಂದವರೂ ಬಹಳ. ಕೊನೆಗೆ ಆರೆಂಡ್ಸ್, ಬರ್ಟನ್ ಮತ್ತು ಕೊರಾಲೆಕ್ ಸಂಸ್ಥೆಯನ್ನು ಆರಿಸಿ, ವಿನ್ಯಾಸವನ್ನು ತಿದ್ದಿ ಕೊಡಿ ಎಂದರು. ತಿದ್ದಿದ ಮೇಲೆ ಅದಕ್ಕೊಂದು ಗೋಪುರವೂ ಬಂತು. 1984ರ ಮೇ ತಿಂಗಳಲ್ಲಿ ಆಗಿನ ರಾಜಕುಮಾರ ಚಾರ್ಲ್ಸ್ ಆರ್ಕಿಟೆಕ್ಟ್‌ಗಳ ಸಭೆಯಲ್ಲೇ ಅದನ್ನು ಜರೆದರು. ಎಲ್ಲರ ಪ್ರೀತಿಯ ಚೆಲುವ ಗೆಳೆಯನ ಮುಖದ ಮೇಲೆ ಎದ್ದ ವಿಕಾರವಾದ ಕುರು ಎಂಬರ್ಥದ ಮಾತು ಅದು. ಅದೇ ವರ್ಷ ಯೋಜನೆಗೆ ಅನುಮತಿ ಸಿಗಲಿಲ್ಲ. ಆ ಭಾಷಣವೇ ಯೋಜನೆಯನ್ನು ಕೆಡವಿತು ಎಂದು ಹೇಳುವುದುಂಟು. ನಾನು ಒಪ್ಪುವುದಿಲ್ಲ. ಆಫೀಸಿನ ಷರತ್ತು ಬರೆದ ದಿನವೇ ಅದು ಅರ್ಧ ಸೋತಿತ್ತು.

1985ರಲ್ಲಿ ಸೂಪರ್‌ಮಾರ್ಕೆಟ್ ಉದ್ಯಮದ ಸೇನ್ಸ್‌ಬರಿ ಮನೆತನದ ಮೂವರು ಸಹೋದರರು ಕಟ್ಟಡದ ಖರ್ಚು ತಾವೇ ಕೊಡುತ್ತೇವೆ ಎಂದರು. ಆಫೀಸು ಹೋಯಿತು. ಹೊಸ ಬ್ರೀಫಿನ ಮುಖ್ಯ ಬೇಡಿಕೆ ಸರಳವಾಗಿತ್ತು: ಆರಂಭಿಕ ರೆನೆಸಾನ್ಸ್ (ಯುರೋಪಿನ ಪುನರುಜ್ಜೀವನ ಕಾಲದ) ಚಿತ್ರಗಳಿಗೆ ತಕ್ಕ ಕೋಣೆಗಳು. ಈ ಸಲ ಮುಕ್ತ ಸ್ಪರ್ಧೆ ಇಲ್ಲ, ಆಯ್ದ ಕೆಲವರಿಗೆ ಮಾತ್ರ ಆಹ್ವಾನ. ರಾಬರ್ಟ್ ವೆಂಚುರಿ ಮತ್ತು ಡೆನಿಸ್ ಸ್ಕಾಟ್ ಬ್ರೌನ್ ಅವರ ಸಂಸ್ಥೆ ಗೆದ್ದಿತು. ಕಟ್ಟಡ 1991ರಲ್ಲಿ ತೆರೆಯಿತು.

ಅದರ ಎಲಿವೇಷನ್, ಅಂದರೆ ಹೊರಮುಖ, ಒಮ್ಮೆ ನೋಡಿ. ಹಳೆಯ ಕಟ್ಟಡದ ಹತ್ತಿರ ವಿಲ್ಕಿನ್ಸ್‌ನ ಗೋಡೆಗಂಬಗಳೇ ಒತ್ತೊತ್ತಾಗಿ ಬರುತ್ತವೆ. ದೂರ ಹೋದಂತೆ ವಿರಳವಾಗಿ, ಕೊನೆಗೆ ಇಲ್ಲವಾಗುತ್ತವೆ. ಚೌಕದ ಕಡೆ ಕಲ್ಲು, ಹಿಂದಿನ ಬೀದಿಗಳ ಕಡೆ ಇಟ್ಟಿಗೆ. ಒಳಗೆ ಗ್ಯಾಲರಿಗಳು ಹಳೆಯ ಕಟ್ಟಡದ ಮುಖ್ಯ ಮಹಡಿಯ ಮಟ್ಟದಲ್ಲೇ ಇವೆ, ಹಾಗಾಗಿ ನಡೆಯುತ್ತಲೇ ಒಂದರಿಂದ ಇನ್ನೊಂದಕ್ಕೆ ಹೋಗಬಹುದು. ಹಳತಕ್ಕೆ ಹೊಸದನ್ನು ಸೇರಿಸುವ ಕೆಲಸದಲ್ಲಿ ಈ ಮಟ್ಟದ ಲೆಕ್ಕ ತುಂಬಾ ಮುಖ್ಯ.

ಬ್ರೀಫ್ ಓದುವುದೆಂದರೆ ಹೇಳಿದಂತೆ ಕೇಳುವುದು ಎಂದಲ್ಲ. ಅಮೆರಿಕದ ಕಾನ್ಸಾಸ್ ಸಿಟಿಯ ನೆಲ್ಸನ್-ಆಟ್ಕಿನ್ಸ್ ಮ್ಯೂಸಿಯಂ 1999ರಲ್ಲಿ ಸ್ಪರ್ಧೆ ನಡೆಸಿದಾಗ ಉಳಿದ ಸ್ಪರ್ಧಿಗಳು ಹೊಸ ಭಾಗವನ್ನು ಹಳೆಯ ಕಟ್ಟಡದ ಉತ್ತರ ಮುಖಕ್ಕೆ ಸೇರಿಸಿದರು. ಸ್ಟೀವನ್ ಹಾಲ್ ಒಬ್ಬರೇ ಅದನ್ನು ಪೂರ್ವದ ಇಳಿಜಾರಿನಲ್ಲಿ, ಬಹುಪಾಲು ನೆಲದೊಳಗೆ ಇಟ್ಟರು. ಐದು ಗಾಜಿನ ಕಟ್ಟಡಗಳು ಮಾತ್ರ ಹುಲ್ಲಿನಿಂದ ಮೇಲೆದ್ದು ಒಳಗೆ ಬೆಳಕು ಇಳಿಸುತ್ತವೆ. 1933ರ ಕಲ್ಲಿನ ಕಟ್ಟಡದ ಮುಖ ಮುಚ್ಚಲಿಲ್ಲ. ತೀರ್ಪುಗಾರರು ಅವರನ್ನೇ ಆರಿಸಿದರು, 2007ರಲ್ಲಿ ಕಟ್ಟಡ ತೆರೆಯಿತು. ಮ್ಯೂಸಿಯಮ್ಮಿಗೆ ಬೇಕಿದ್ದ ಜಾಗವನ್ನು ಹಾಲ್ ಕೊಟ್ಟರು, ಅದು ಎಲ್ಲಿರಬೇಕು ಎಂಬುದನ್ನು ಮಾತ್ರ ಸೈಟಿನಿಂದ ಕಲಿತರು.

ಲಂಡನ್ನಿನ ಕಥೆಗೆ ಇನ್ನೊಂದು ತಿರುವು ಇದೆ. ಚಿತ್ರಗಳಿಗಾಗಿ ಕಟ್ಟಿದ ಆ ಭಾಗವೇ ಕ್ರಮೇಣ ಇಡೀ ಗ್ಯಾಲರಿಯ ಮುಖ್ಯ ಬಾಗಿಲಾಯಿತು. ನೆಲಮಹಡಿ ಇಕ್ಕಟ್ಟಾಯಿತು. 2021ರಲ್ಲಿ ಆರ್ಕಿಟೆಕ್ಟ್ ಆನಾಬೆಲ್ ಸೆಲ್ಡಾರ್ಫ್ ಅವರನ್ನು ಮಾರ್ಪಾಡಿಗೆ ಆರಿಸಿದರು. 2023ರಲ್ಲಿ ಕಂಬ ಒಡೆಯುವಾಗ ಒಂದು ಕಾಗದ ಸಿಕ್ಕಿತು. ದಾನಿಗಳಲ್ಲಿ ಒಬ್ಬರಾದ ಜಾನ್ ಸೇನ್ಸ್‌ಬರಿ 1990ರಲ್ಲಿ ಬರೆದು ಕಂಬದೊಳಗೆ ಇರಿಸಿದ್ದು. ಭಾರ ಹೊರದ ಈ ಕಂಬಗಳು ತಪ್ಪು, ಇವನ್ನು ತೆಗೆದರೆ ತನಗೆ ಸಂತೋಷ ಎಂಬುದು ಅದರ ಸಾರ. ಸ್ಕಾಟ್ ಬ್ರೌನ್ ಮಾತ್ರ ಈ ಮಾರ್ಪಾಡನ್ನು ವಿರೋಧಿಸಿದರು. ಕೆಳಗಿನ ತಗ್ಗಾದ ಮಬ್ಬು ಜಾಗದಿಂದ ಮೆಟ್ಟಿಲೇರಿ ಬೆಳಕಿನ ಗ್ಯಾಲರಿಗೆ ಬರುವುದು ಮೂಲ ವಿನ್ಯಾಸದ ಜೀವ. ಕಟ್ಟಡ 2025ರ ಮೇ ತಿಂಗಳಲ್ಲಿ ಮತ್ತೆ ತೆರೆಯಿತು.

1991ರ ಮತ್ತು 2025ರ ನೆಲಮಹಡಿ ಪ್ಲಾನ್‌ಗಳನ್ನು ಪಕ್ಕಪಕ್ಕ ಇಟ್ಟು, ಬಾಗಿಲಿನಿಂದ ಮೆಟ್ಟಿಲವರೆಗಿನ ದಾರಿಯನ್ನು ಪೆನ್ಸಿಲಿನಲ್ಲಿ ಗುರುತು ಮಾಡಿ. ಆಮೇಲೆ ಪ್ರತಿ ಪ್ಲಾನ್‌ನ ಕೆಳಗೆ, ಅದಕ್ಕೆ ಸಿಕ್ಕಿದ್ದ ಬ್ರೀಫ್ ಏನಿರಬೇಕು ಎಂದು ಎರಡು ಸಾಲು ಬರೆಯಿರಿ.