ಆನ್‌ಲೈನ್ ಡಿಗ್ರಿ ನಡೆಸುವ ಕಂಪನಿಗೆ ಯುಜಿಸಿ ಮಾನ್ಯತೆ ಇದೆಯಾ?

ಪ್ರಶ್ನೆ: "ಸರ, ನಾನು ಬ್ಯಾಡಗಿಯಾಗ ಕೆಲಸಕ್ಕ ಅದೀನಿ. ಒಂದು ಕಂಪನಿಯವರು ದಿನಾ ಫೋನ್ ಮಾಡಿ ಆನ್‌ಲೈನ್ ಎಂಬಿಎ ಮಾಡ್ರಿ ಅಂತಾರ. ತಮಗ ಯುಜಿಸಿ ಮಾನ್ಯತಾ ಐತಿ ಅಂತಾರ. ಈ ಡಿಗ್ರಿ ನಡೀತೈತೇನ್ರೀ?"

ಪದವಿ ಫಲಿತಾಂಶ ಬಂತು ಅಂದರೆ ಈ ಪ್ರಶ್ನೆಯೂ ಬಂತು ಅಂತಲೇ ಲೆಕ್ಕ. ಕೇಳುವವರ ಊರು ಬದಲಾಗುತ್ತದೆ: ಗದಗ, ರಾಣೆಬೆನ್ನೂರು, ನವಲಗುಂದ. ಪ್ರಶ್ನೆ ಮಾತ್ರ ಅದೇ. ಹೋದ ವರ್ಷ ಎಷ್ಟು ಸಲ ಉತ್ತರಿಸಿದೆನೋ ನೆನಪಿಲ್ಲ. ಈ ಸಲ ಪೂರ್ತಿ ಬರೆದಿಡುತ್ತೇನೆ.

ಡಿಗ್ರಿ ಕೊಡುವ ವಿಶ್ವವಿದ್ಯಾಲಯಕ್ಕೆ ಆ ಕೋರ್ಸನ್ನು ಆನ್‌ಲೈನ್‌ನಲ್ಲಿ ನಡೆಸುವ ಅರ್ಹತೆ ಇದ್ದರೆ ನಡೆಯುತ್ತದೆ. ಅಂಥ ಡಿಗ್ರಿ ಕಾಲೇಜಿಗೆ ಹೋಗಿ ಓದಿದ ಡಿಗ್ರಿಗೆ ಸಮ ಅಂತ ಯುಜಿಸಿ, ಅಂದರೆ ವಿಶ್ವವಿದ್ಯಾಲಯಗಳ ಮೇಲ್ವಿಚಾರಣೆ ನೋಡುವ ಕೇಂದ್ರದ ಆಯೋಗ, 2022ರ ಸೆಪ್ಟೆಂಬರ್‌ನಲ್ಲೇ ಸ್ಪಷ್ಟಪಡಿಸಿದೆ.

ಆದರೆ ನಿಮ್ಮ ಪ್ರಶ್ನೆಯಲ್ಲೇ ಒಂದು ತಪ್ಪು ಕೂತಿದೆ. "ಕಂಪನಿಗೆ ಯುಜಿಸಿ ಮಾನ್ಯತೆ ಇದೆ" ಅನ್ನುವ ಮಾತು. ಇಲ್ಲ ರೀ. ಯಾವ ಕಂಪನಿಗೂ ಇಲ್ಲ. ಇರೋದಕ್ಕೆ ಸಾಧ್ಯವೂ ಇಲ್ಲ. 1956ರ ಯುಜಿಸಿ ಕಾಯ್ದೆಯ 22ನೇ ಕಲಮು ಓದಿ: ಡಿಗ್ರಿ ಕೊಡುವ ಹಕ್ಕು ವಿಶ್ವವಿದ್ಯಾಲಯಗಳದ್ದು, ಇಲ್ಲವೇ ಸಂಸತ್ತು ಆ ಅಧಿಕಾರ ಕೊಟ್ಟ ಸಂಸ್ಥೆಗಳದ್ದು. ಕಂಪನಿ ಎಷ್ಟು ದೊಡ್ಡದಿದ್ದರೂ, ಟಿವಿಯಲ್ಲಿ ಯಾವ ಹೀರೋ ಬಂದು ಹೇಳಿದರೂ ಈ ಪಟ್ಟಿಗೆ ಸೇರುವುದಿಲ್ಲ.

ಕಳೆದ ತಿಂಗಳು ಒಬ್ಬ ಹುಡುಗ ಧಾರವಾಡದ ನಮ್ಮ ಮನೆಗೆ ಬಂದಿದ್ದ. ಕಂಪನಿಯವರು ವಾಟ್ಸಾಪಿನಲ್ಲಿ ಕಳಿಸಿದ ಬ್ರೋಷರ್ ತೋರಿಸಿದ. ಮೇಲೆ ಅಂಗೈ ಅಗಲ ಕಂಪನಿಯ ಲೋಗೋ, ಅದರ ಪಕ್ಕದಲ್ಲೇ 'ಯುಜಿಸಿ' ಅಂತ ದಪ್ಪ ಅಕ್ಷರ. ವಿಶ್ವವಿದ್ಯಾಲಯದ ಹೆಸರೆಲ್ಲಿ ಅಂದೆ. ಬೆರಳಿಂದ ಎಳೆದು ದೊಡ್ಡದು ಮಾಡಿದ. ಕೊನೇ ಪುಟದ ಕೆಳಗೆ, ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ ಇತ್ತು. ಡಿಗ್ರಿ ಕೊಡುವವರ ಹೆಸರು ಅಲ್ಲಿ ಮೂಲೆಯಲ್ಲಿ ಕೂತಿದ್ದರೆ ಹುಡುಗರು ತಪ್ಪು ತಿಳಿಯದೆ ಇನ್ನೇನು ಮಾಡಿಯಾರು?

ಹಾಗಾದರೆ ಕಂಪನಿಯ ಕೆಲಸ ಏನು? ಪಾಠದ ವಿಡಿಯೋ ಚಿತ್ರೀಕರಣ, ಆ್ಯಪು, ಜಾಹೀರಾತು, ನಿಮಗೆ ದಿನಾ ಬರುವ ಆ ಫೋನು. ಇಷ್ಟಕ್ಕೆ ಅಡ್ಡಿಯಿಲ್ಲ. ಪ್ರವೇಶ, ಪಠ್ಯ, ಪರೀಕ್ಷೆ, ಅಂಕ, ಡಿಗ್ರಿ ಇವೆಲ್ಲ ವಿಶ್ವವಿದ್ಯಾಲಯವೇ ಹೊರಬೇಕಾದ ಹೊಣೆ. ಇದನ್ನು ಹೊರಗಿನವರಿಗೆ ಗುತ್ತಿಗೆ ಕೊಟ್ಟರೆ ಅದು ಫ್ರಾಂಚೈಸಿ. ಯುಜಿಸಿಯ 2020ರ ಆನ್‌ಲೈನ್, ದೂರಶಿಕ್ಷಣ ನಿಯಮಗಳು ಅದಕ್ಕೆ ಅವಕಾಶ ಕೊಡುವುದಿಲ್ಲ. 2022ರ ಜನವರಿಯಲ್ಲಿ ಯುಜಿಸಿ ಇದನ್ನೇ ಸಾರ್ವಜನಿಕವಾಗಿ ಎಚ್ಚರಿಸಿತು.

ಸುಮ್ನೆ ಹೆದರಿಸುತ್ತಿಲ್ಲ. ನಮ್ಮ ರಾಜ್ಯದಲ್ಲೇ ಆದದ್ದು ನೋಡಿ. ಮೈಸೂರಿನ ರಾಜ್ಯ ಮುಕ್ತ ವಿಶ್ವವಿದ್ಯಾಲಯ ಹೊರರಾಜ್ಯಗಳ ಖಾಸಗಿ ಸಂಸ್ಥೆಗಳ ಜೊತೆ ಸೇರಿ ಕೋರ್ಸು ನಡೆಸಿತು. 2012-13ರ ನಂತರ ಅದಕ್ಕೆ ಮಾನ್ಯತೆ ಇಲ್ಲ ಅಂತ ಯುಜಿಸಿ 2015ರಲ್ಲಿ ಪ್ರಕಟಿಸಿತು. ಮತ್ತೆ ಮಾನ್ಯತೆ ಸಿಕ್ಕಿದ್ದು 2018ರಲ್ಲಿ. ನಡುವಿನ ವರ್ಷಗಳಲ್ಲಿ ಓದಿದವರು ಅಂಕಪಟ್ಟಿ ಹಿಡಿದು ಎಷ್ಟು ಅಲೆದರು ಅನ್ನೋದು ಧಾರವಾಡದ ಸಪ್ತಾಪುರದ ಕೋಚಿಂಗ್ ಸೆಂಟರುಗಳಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ.

ಪರೀಕ್ಷಿಸೋದು ಕಷ್ಟವೇನಲ್ಲ. ಯುಜಿಸಿಯ ದೂರಶಿಕ್ಷಣ ಬ್ಯೂರೋದ (ಡಿಇಬಿ) ಜಾಲತಾಣದಲ್ಲಿ ಅರ್ಹ ವಿಶ್ವವಿದ್ಯಾಲಯಗಳ, ಕೋರ್ಸುಗಳ ಪಟ್ಟಿ ಇದೆ. ವಿಶ್ವವಿದ್ಯಾಲಯದ ಹೆಸರು ಇದ್ದರೆ ಸಾಲದು. ನಿಮ್ಮ ಕೋರ್ಸು, ನಿಮ್ಮ ವರ್ಷ, ಜನವರಿಯ ಪ್ರವೇಶವೋ ಜುಲೈಯದೋ, ಎಲ್ಲ ಹೊಂದಬೇಕು. 2024ರಿಂದ ಪ್ರವೇಶಕ್ಕೆ ಮೊದಲು ನೀವೇ ಅಲ್ಲಿ ಡಿಇಬಿ ಐಡಿ ಮಾಡಿಕೊಳ್ಳಬೇಕು. "ಅದು ಬ್ಯಾಡ್ರಿ, ನಾವ ನೋಡ್ಕೋತೀವಿ" ಅಂದರೆ ಫೋನ್ ಇಟ್ಟುಬಿಡಿ. ಎಂಜಿನಿಯರಿಂಗ್, ಕಾನೂನು ಪದವಿ, ಪಿಎಚ್‌ಡಿ ಆನ್‌ಲೈನ್‌ನಲ್ಲಿ ಮಾಡಿಸುತ್ತೇವೆ ಅಂದರೂ ಅಷ್ಟೇ.

ನೀವು ಕೇಳಲಿಲ್ಲ, ಆದರೂ ದುಡ್ಡಿನ ಮಾತು ಹೇಳಲೇಬೇಕು. ಇಂಥ ಪಾಲುದಾರಿಕೆಯಲ್ಲಿ ಸಾಮಾನ್ಯವಾಗಿ ನೀವು ಕಟ್ಟುವ ಫೀಯಲ್ಲೇ ಕಂಪನಿಗೆ ಪಾಲು. ಹುಡುಗರು ಜಾಸ್ತಿ ಸೇರಿದಷ್ಟೂ ಪಾಲು ಜಾಸ್ತಿ. ಅದಕ್ಕೇ ಆ ಫೋನು ನಿಲ್ಲಲ್ಲ. ಅಮೆರಿಕದಲ್ಲಿ ಇದೇ ದಾರಿಯಲ್ಲಿ ಬೆಳೆದ ಟುಯು ಎಂಬ ಕಂಪನಿ 2021ರಲ್ಲಿ 80 ಕೋಟಿ ಡಾಲರ್ ಕೊಟ್ಟು ಎಡ್‌ಎಕ್ಸ್ ಎಂಬ ಆನ್‌ಲೈನ್ ಕೋರ್ಸುಗಳ ತಾಣ ಕೊಂಡಿತು. 2024ರ ಜುಲೈನಲ್ಲಿ ದಿವಾಳಿ ರಕ್ಷಣೆ ಕೋರಿ ಕೋರ್ಟಿಗೆ ಹೋಯಿತು. ಅದರ ಮೂಲಕ ಓದಿ ಮುಗಿಸಿದವರ ಡಿಗ್ರಿಗೆ ಏನೂ ಆಗಲಿಲ್ಲ. ಅವು ವಿಶ್ವವಿದ್ಯಾಲಯಗಳ ಡಿಗ್ರಿ, ಕಂಪನಿಯವಲ್ಲ.

ಇನ್ನು 'ಬಡ್ಡಿ ಇಲ್ಲದ ಇಎಂಐ'. ಬಹಳ ಸಲ ಅದು ಕಂತಲ್ಲ, ಫೈನಾನ್ಸ್ ಕಂಪನಿ ನಿಮ್ಮ ಹೆಸರಲ್ಲಿ ಬರೆಯುವ ಸಾಲ. ಓದು ಬಿಟ್ಟರೂ ಸಾಲ ಬಿಡಲ್ಲ, ಬ್ಯಾಂಕಿನವರು ಸಾಲ ಕೊಡೋಕೆ ಮೊದಲು ನೋಡುವ ಸಿಬಿಲ್ ಅಂಕ ಕೆಡುತ್ತದೆ. ಆ ಹುಡುಗನ ಮೊಬೈಲಿಗೂ ಒಂದು ಓಟಿಪಿ ಬಂದಿತ್ತು, "ಸೀಟ್ ಬುಕ್ ಮಾಡಾಕ" ಅಂತ ಹೇಳಿದ್ದರಂತೆ. ಕೆಳಗಿನ ಸಂದೇಶ ಓದಿಸಿದೆ. ಸಾಲದ ಒಪ್ಪಂದಕ್ಕೆ ಒಪ್ಪಿಗೆ ಅಂತಿತ್ತು. ಡಿಜಿಟಲ್ ಸಾಲ ತಗೊಂಡವರು ಬೇಡ ಅಂತ ಹಿಂದೆ ಸರಿಯೋಕೆ ರಿಸರ್ವ್ ಬ್ಯಾಂಕ್ ಒಂದು ಅವಧಿ ಇಟ್ಟಿದೆ. ಅವನ ಅದೃಷ್ಟಕ್ಕೆ ಅದು ಮುಗಿದಿರಲಿಲ್ಲ. ನಮ್ಮ ಪಡಸಾಲೆಯಲ್ಲೇ ಕೂತು ಇಮೇಲ್ ಬರೆದು ರದ್ದು ಮಾಡಿಸಿದ. ಈಗ ಡಿಇಬಿ ಐಡಿ ಮಾಡಿಕೊಂಡಿದ್ದಾನೆ, ಪಟ್ಟಿಯಲ್ಲಿರುವ ಒಂದು ವಿಶ್ವವಿದ್ಯಾಲಯಕ್ಕೆ ತಾನೇ ಅರ್ಜಿ ಹಾಕುತ್ತಿದ್ದಾನೆ.