ಸದ್ದಿನಲ್ಲೇ ಬದುಕುವ ಡಾಲ್ಫಿನ್

ಡಾಲ್ಫಿನ್ ಮೀನಲ್ಲ, ಸಸ್ತನಿ ಅಂತ ಎಲ್ಲರಿಗೂ ಗೊತ್ತು. ಆದರೆ ಬಾಟಲ್‌ನೋಸ್ ಡಾಲ್ಫಿನ್ ಹೇಗೆ ಬದುಕುತ್ತದೆ ಅಂತ ತಿಳಿಯಬೇಕಾದರೆ ಅದರ ಕಿವಿಯಿಂದ ಶುರು ಮಾಡಬೇಕು. ನೀರಿನಲ್ಲಿ ಬೆಳಕು ಬೇಗ ಮಂಕಾಗುತ್ತದೆ, ಸದ್ದು ಮಾತ್ರ ಗಾಳಿಯಲ್ಲಿ ಹೋಗುವುದಕ್ಕಿಂತ ನಾಲ್ಕು ಪಟ್ಟು ಜಾಸ್ತಿ ವೇಗದಲ್ಲಿ ಹೋಗುತ್ತದೆ.

ನೆತ್ತಿಯ ಮೇಲಿನ ಉಸಿರಾಟದ ರಂಧ್ರದ ಕೆಳಗೆ, ಮೂಗಿನ ನಾಳದಲ್ಲಿ ತುಟಿಯಂಥ ಮಡಿಕೆಗಳಿವೆ. ಗಾಳಿ ಅವುಗಳ ನಡುವೆ ನುಗ್ಗಿದಾಗ 'ಟಿಕ್ ಟಿಕ್' ಸದ್ದು ಹುಟ್ಟುತ್ತದೆ. ಹಣೆಯಲ್ಲಿರುವ ಕೊಬ್ಬಿನ ಗಡ್ಡೆ ಆ ಸದ್ದನ್ನು ಒಂದೇ ದಿಕ್ಕಿಗೆ ಕೂಡಿಸಿ ಕಳಿಸುತ್ತದೆ. ಮೀನಿಗೆ ಬಡಿದು ವಾಪಸ್ ಬಂದ ಸದ್ದು ಕೆಳದವಡೆಯ ಕೊಬ್ಬಿನ ಮೂಲಕ ಒಳಕಿವಿಗೆ ಮುಟ್ಟುತ್ತದೆ. ದವಡೆಯಿಂದ ಕೇಳಿಸಿಕೊಳ್ಳುವ ಪ್ರಾಣಿ, ಎಂಥ ಅದ್ಭುತ ಅಲ್ವಾ?

ಸದ್ದು ಕಳಿಸಿ ಬೇಟೆ ಹುಡುಕುವ ಈ ವಿದ್ಯೆಯೂ ಎಲ್ಲಾ ಕಡೆ ನಡೆಯುವುದಿಲ್ಲ. ಮೈಯೊಳಗೆ ತೇಲಲು ನೆರವಾಗುವ ಗಾಳಿಚೀಲ ಇಲ್ಲದ ಮೀನು ಮರಳಲ್ಲಿ ಹುದುಗಿದ್ದರೆ ಪ್ರತಿಧ್ವನಿಯಿಂದ ಪತ್ತೆ ಹಚ್ಚುವುದು ಕಷ್ಟ. ಆಸ್ಟ್ರೇಲಿಯಾದ ಶಾರ್ಕ್ ಬೇಯಲ್ಲಿರುವ ಇಂಡೋ-ಪೆಸಿಫಿಕ್ ಬಾಟಲ್‌ನೋಸ್, ಅಂದರೆ ಇದರ ಹತ್ತಿರದ ಸಂಬಂಧಿ, ಅದಕ್ಕೊಂದು ದಾರಿ ಕಂಡುಕೊಂಡಿದೆ. ಕೆಲವು ಡಾಲ್ಫಿನ್‌ಗಳು ಸಮುದ್ರದ ಸ್ಪಂಜನ್ನು ಕಿತ್ತು ಮೂತಿಗೆ ಸಿಕ್ಕಿಸಿಕೊಂಡು, ಮೂತಿಗೆ ಗಾಯವಾಗದ ಹಾಗೆ ತಳವನ್ನು ಕೆದಕುತ್ತವೆ. ಮೀನು ಹೊರಗೆ ಹಾರಿದ ಕೂಡಲೇ ಸ್ಪಂಜು ಬಿಟ್ಟು ಹಿಡಿಯುತ್ತವೆ. ಇದು ತಾಯಿಯಿಂದ ಮರಿಗೆ, ಅದರಲ್ಲೂ ಹೆಣ್ಣುಮರಿಗೆ ಬರುವ ಕಲಿಕೆ.

ನನಗೆ ಇವೆಲ್ಲಕ್ಕಿಂತ ದೊಡ್ಡದು ಅನ್ನಿಸುವುದು ಅವುಗಳ ಶಿಳ್ಳೆ. ತಾಯಿ 12 ತಿಂಗಳು ಹೊಟ್ಟೆಯಲ್ಲಿಟ್ಟುಕೊಂಡು ಒಂದೇ ಮರಿ ಹೆರುತ್ತದೆ, ಸಾಮಾನ್ಯವಾಗಿ ಬಾಲ ಮೊದಲು ಹೊರಬರುತ್ತದೆ. ಆ ಮರಿ ಚಿಕ್ಕಂದಿನಲ್ಲೇ ತನಗೇ ಸೇರಿದ ಒಂದು ಶಿಳ್ಳೆ ರೂಪಿಸಿಕೊಳ್ಳುತ್ತದೆ. 2013ರಲ್ಲಿ ಸಂಶೋಧಕರಾದ ಸ್ಟೆಫನಿ ಕಿಂಗ್ ಮತ್ತು ವಿನ್ಸೆಂಟ್ ಜಾನಿಕ್ ಸ್ಕಾಟ್ಲೆಂಡಿನ ಕಡಲಲ್ಲಿ ಇಂಥ ಶಿಳ್ಳೆಗಳ ನಕಲನ್ನು ನೀರಿನಲ್ಲಿ ಕೇಳಿಸಿದರು. ತನ್ನದೇ ಶಿಳ್ಳೆ ಕೇಳಿದ ಡಾಲ್ಫಿನ್ ತಿರುಗಿ ಅದೇ ಶಿಳ್ಳೆ ಹಾಕಿ ಉತ್ತರ ಕೊಟ್ಟಿತು, ಬೇರೆಯವರ ಶಿಳ್ಳೆಗೆ ಹಾಗೆ ಓಗೊಡಲಿಲ್ಲ. ಅಂದರೆ ಅದು ಹೆಸರಿನ ಕೆಲಸವನ್ನೇ ಮಾಡುತ್ತದೆ. ಅದೇ ವರ್ಷ ಜೇಸನ್ ಬ್ರಕ್ ಎಂಬ ಸಂಶೋಧಕರು ಇನ್ನೊಂದು ವಿಷಯ ತೋರಿಸಿದರು: ಹಿಂದೆ ಒಟ್ಟಿಗಿದ್ದು 20 ವರ್ಷ ದೂರವಾದ ಜೊತೆಗಾರನ ಶಿಳ್ಳೆಯನ್ನೂ ಡಾಲ್ಫಿನ್ ಗುರುತು ಹಿಡಿಯುತ್ತದೆ.

ಇಂಥ ಪ್ರಾಣಿಯ ಸುತ್ತ ನಾವು ಹಡಗಿನ ಗದ್ದಲ ತುಂಬುತ್ತಿದ್ದೇವೆ. ಗದ್ದಲ ಜಾಸ್ತಿಯಾದಾಗ ಅವು ಶಿಳ್ಳೆಯ ಏರಿಳಿತ ಕಡಿಮೆ ಮಾಡಿ, ಸ್ವರ ಎತ್ತರಿಸಿ ಕರೆಯುತ್ತವೆ ಅಂತ ಅಟ್ಲಾಂಟಿಕ್ ಸಾಗರದಲ್ಲಿ ನಡೆದ ಅಧ್ಯಯನವೊಂದರಲ್ಲಿ ಕಂಡುಬಂದಿದೆ. ಏರಿಳಿತದಲ್ಲೇ ಇವನು ಯಾರು ಅನ್ನೋ ಗುರುತು ಅಡಗಿರುವುದರಿಂದ ಇದು ನನಗೆ ಬಹಳ ಚಿಂತೆ ಹುಟ್ಟಿಸುವ ಸುದ್ದಿ.