ಎನ್‌ಪಿಎ: ಕಂತು ಕಟ್ಟುತ್ತಿದ್ದರೂ ಖಾತೆ ಕೆಡುವುದು ಯಾಕೆ?

ಸಾಲದ ಬಡ್ಡಿಯಾಗಲಿ ಅಸಲಿನ ಕಂತಾಗಲಿ 90 ದಿನ ಮೀರಿ ಬಾಕಿ ಉಳಿದರೆ ಬ್ಯಾಂಕು ಆ ಖಾತೆಯನ್ನು ಎನ್‌ಪಿಎ, ಅಂದರೆ ಅನುತ್ಪಾದಕ ಸಾಲ ಎಂದು ದಾಖಲಿಸಬೇಕು. ಬೆಳೆ ಸಾಲಕ್ಕೆ ಮಾತ್ರ ಲೆಕ್ಕ ಬೇರೆ, ಅಲ್ಲಿ ಬೆಳೆಯ ಹಂಗಾಮೇ ಅಳತೆ. ಮೂರು ಕಂತು ತಪ್ಪಿದರಷ್ಟೇ ತೊಂದರೆ ಎಂದುಕೊಂಡವರು ಇಲ್ಲೇ ಎಡವುತ್ತಾರೆ. ಎಣಿಸುವುದು ಕಂತುಗಳನ್ನಲ್ಲ, ದಿನಗಳನ್ನು.

ಮಲ್ಪೆಯ ಬೋಟಿನ ಸಾಲವೊಂದನ್ನು ತೆಗೆದುಕೊಳ್ಳಿ. ಮಾರ್ಚ್ 31ರ ಕಂತು ಅಂದಿನ ಲೆಕ್ಕ ಮುಚ್ಚುವ ಹೊತ್ತಿಗೆ ಬಾರದಿದ್ದರೆ ಅಂದೇ ಖಾತೆ ಎಸ್‌ಎಂಎ-0 ಪಟ್ಟಿಗೆ, ಅಂದರೆ ಎನ್‌ಪಿಎಗೆ ಮುಂಚಿನ ಎಚ್ಚರಿಕೆಯ ಮೊದಲ ಹಂತಕ್ಕೆ, ಹೋಗುತ್ತದೆ. ಏಪ್ರಿಲ್ 30ಕ್ಕೆ ಎಸ್‌ಎಂಎ-1, ಮೇ 30ಕ್ಕೆ ಎಸ್‌ಎಂಎ-2, ಜೂನ್ 29ಕ್ಕೆ ಎನ್‌ಪಿಎ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ. ಬೋಟು ದಕ್ಕೆಯಲ್ಲಿ ಕಟ್ಟಿಹಾಕಿದ ಹೊತ್ತಿಗೇ ಗಡುವು ಮುಗಿಯುತ್ತದೆ. ಆದ್ದರಿಂದ ಸಾಲ ಮಂಜೂರಾಗುವಾಗಲೇ ಮಳೆಗಾಲದ ಆ ಎರಡು ತಿಂಗಳು ಬಿಟ್ಟು ವರ್ಷಕ್ಕೆ 10 ಕಂತು ಹಾಕಿಸಿಕೊಳ್ಳಬೇಕು. ಜೂನ್‌ನಲ್ಲಿ ಹೋಗಿ ಕಂತು ಮುಂದೂಡಿ ಎಂದು ಕೇಳಿದರೆ ಅದು ಸಾಲದ ಪುನರ್‌ರಚನೆ ಎನಿಸಿಕೊಂಡು ಖಾತೆಯನ್ನೇ ಕೆಡಿಸಬಹುದು.

ಇದು ಅವಧಿ ಸಾಲದ ಮಾತಾಯಿತು. ವ್ಯಾಪಾರಿಗಳು ಹೆಚ್ಚು ಸಿಕ್ಕಿಬೀಳುವುದು ಸಿಸಿ (ಕ್ಯಾಶ್ ಕ್ರೆಡಿಟ್) ಅಥವಾ ಓಡಿ (ಓವರ್‌ಡ್ರಾಫ್ಟ್) ಖಾತೆಯಲ್ಲಿ, ಅಂದರೆ ಒಂದು ಮಿತಿಯೊಳಗೆ ಬೇಕಾದಾಗ ತೆಗೆದು ಕಟ್ಟುವ ಸಾಲದಲ್ಲಿ. ಅಲ್ಲಿ ಕಂತೇ ಇಲ್ಲವಲ್ಲ, ಕೆಡುವುದೇನು ಎಂಬ ಧೈರ್ಯ. ಬಾಕಿ ಸತತ 90 ದಿನ ಲಿಮಿಟ್ (ಮಂಜೂರಾದ ಗರಿಷ್ಠ ಮೊತ್ತ) ಅಥವಾ ಡ್ರಾಯಿಂಗ್ ಪವರ್ ಮೀರಿದ್ದರೆ ಖಾತೆ ಕೆಡುತ್ತದೆ. ಲಿಮಿಟ್ ಒಳಗೇ ಇದ್ದರೂ 90 ದಿನಗಳಲ್ಲಿ ಬಂದ ಜಮೆ ಆ ಅವಧಿಯ ಬಡ್ಡಿಗೆ ಸಾಲದಿದ್ದರೂ ಕೆಡುತ್ತದೆ. 40 ಲಕ್ಷದ ಬಾಕಿಗೆ ಶೇ 10ರ ಬಡ್ಡಿ ಎಂದರೆ ಮೂರು ತಿಂಗಳಿಗೆ ಸುಮಾರು 1 ಲಕ್ಷ. ಅಷ್ಟಾದರೂ ಜಮೆಯಾಗಿರಬೇಕು.

ಡ್ರಾಯಿಂಗ್ ಪವರ್ ಎಂದರೆ ಕೈಯಲ್ಲಿರುವ ಸರಕಿನ ಮೇಲೆ ಇವತ್ತು ತೆಗೆಯಬಹುದಾದ ಹಣ. ಗೇರುಬೀಜ ಕಾರ್ಖಾನೆಯೊಂದಕ್ಕೆ 40 ಲಕ್ಷ ಲಿಮಿಟ್ ಇದೆ ಎನ್ನಿ. ಬೀಜ ಮತ್ತು ತಿರುಳಿನ ದಾಸ್ತಾನು 50 ಲಕ್ಷ, ಅದರಲ್ಲಿ ಇನ್ನೂ ದುಡ್ಡು ಕೊಡದೆ ತಂದದ್ದು 14 ಲಕ್ಷ. ಉಳಿದ 36 ಲಕ್ಷಕ್ಕೆ ಶೇ 25 ಮಾರ್ಜಿನ್ (ಮಾಲೀಕರೇ ಹಾಕಬೇಕಾದ ಪಾಲು) ಕಳೆದರೆ 27 ಲಕ್ಷ. ಗಿರಾಕಿಗಳಿಂದ ಬರಬೇಕಾದ 12 ಲಕ್ಷಕ್ಕೆ ಶೇ 40 ಕಳೆದರೆ 7.2 ಲಕ್ಷ. ಒಟ್ಟು 34.2 ಲಕ್ಷ. ಪಾಸ್‌ಬುಕ್ಕಿನಲ್ಲಿ 40 ಲಕ್ಷ ಕಂಡರೂ 34.2 ಲಕ್ಷಕ್ಕಿಂತ ಮೇಲೆ ತೆಗೆದದ್ದೆಲ್ಲ ಮಿತಿ ಮೀರಿದ್ದೇ. ಸ್ಟಾಕ್ ಸ್ಟೇಟ್‌ಮೆಂಟ್ (ದಾಸ್ತಾನಿನ ಲೆಕ್ಕ) ಕೊಡದೆ ಮೂರು ತಿಂಗಳು ದಾಟಿದರೆ ಹಳೆಯ ಲೆಕ್ಕದ ಮೇಲಿನ ಡ್ರಾಯಿಂಗ್ ಪವರ್ ಕ್ರಮಬದ್ಧವಲ್ಲ. ಹಾಗೆಯೇ 90 ದಿನ ನಡೆದರೆ, ಬಡ್ಡಿ ಸರಿಯಾಗಿ ಹೋಗುತ್ತಿದ್ದರೂ, ಎನ್‌ಪಿಎ. ಲಿಮಿಟ್ ರಿನ್ಯೂವಲ್ ಗಡುವು ದಾಟಿ 180 ದಿನವಾದರೂ ಅದೇ ಗತಿ.

ರಿನ್ಯೂವಲ್‌ಗೆ ಬೇಕಾದದ್ದು ಆದಾಯ ತೆರಿಗೆ ರಿಟರ್ನ್, ಬ್ಯಾಲೆನ್ಸ್ ಶೀಟ್, ಜಿಎಸ್‌ಟಿ ರಿಟರ್ನ್ ಆದ ಜಿಎಸ್‌ಟಿಆರ್-3ಬಿ. ತೆರಿಗೆ ಉಳಿಸಲು ಮಾಡಿದ ಜಾಣತನ ತಿರುಗಿ ಹೊಡೆಯುವುದು ಇಲ್ಲಿ. ಸಣ್ಣ ಉದ್ಯಮಗಳ ದುಡಿಮೆ ಬಂಡವಾಳಕ್ಕೆ ಬ್ಯಾಂಕುಗಳು ಬಳಸುವುದು ನಾಯಕ್ ಸಮಿತಿಯ ಸೂತ್ರ: ವಾರ್ಷಿಕ ವಹಿವಾಟಿನ ಶೇ 20 ಬ್ಯಾಂಕಿನದು, ಶೇ 5 ಸ್ವಂತದ್ದು. 2 ಕೋಟಿ ವ್ಯಾಪಾರ ಮಾಡಿ ಬಿಲ್ಲಿನಲ್ಲಿ 1.2 ಕೋಟಿ ತೋರಿಸಿದವರ ಲಿಮಿಟ್ 40 ಲಕ್ಷದ ಬದಲು 24 ಲಕ್ಷಕ್ಕಿಳಿಯುತ್ತದೆ. ಅದಾಗಲೇ 38 ಲಕ್ಷ ಬಾಕಿ ಇದ್ದರೆ 14 ಲಕ್ಷ ಎಲ್ಲಿಂದ ತರುವುದು? ಬಿಲ್ಲಿಲ್ಲದ ಮಾರಾಟದ ದುಡ್ಡು ಸಿಸಿ ಖಾತೆಗೆ ಬರುವುದೂ ಇಲ್ಲ, ಹಾಗಾಗಿ ಜಮೆಯೂ ಕಡಿಮೆ. ಸತತ ಎರಡು ಅವಧಿಯ 3ಬಿ ಸಲ್ಲಿಸದಿದ್ದರೆ ಸರಕು ಸಾಗಿಸಲು ಬೇಕಾದ ಇ-ವೇ ಬಿಲ್ ಬ್ಲಾಕ್ ಆಗುತ್ತದೆ, ಲೋಡು ಹೊರಡುವುದಿಲ್ಲ, ದುಡ್ಡೂ ತಿರುಗುವುದಿಲ್ಲ. ಉಳಿಸಿದ ತೆರಿಗೆಗಿಂತ ಕೈಬಿಟ್ಟುಹೋದ ಲಿಮಿಟ್ ಎಷ್ಟೋ ಪಟ್ಟು ದುಬಾರಿ ಎಂದು ಸಿಎ ಹೇಳಿದರೆ ಕೇಳುವವರು ಕಡಿಮೆ.

ಮ್ಯಾನೇಜರ್ ಪರಿಚಯದವರು, ಒಂದು ವಾರ ನಿಭಾಯಿಸುತ್ತಾರೆ ಎಂಬ ನಂಬಿಕೆ ಐದು ದೊಡ್ಡ ಬ್ಯಾಂಕುಗಳು ಹುಟ್ಟಿದ ಈ ಕರಾವಳಿಯಲ್ಲಿ ಇನ್ನೂ ಉಳಿದಿದೆ. ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ ಬೇರೆಯವುಗಳಲ್ಲಿ ವಿಲೀನವಾಗಿವೆ. ಉಳಿದವುಗಳಲ್ಲೂ ಎನ್‌ಪಿಎ ಗುರುತಿಸುವುದು ದಿನದ ಕೊನೆಗೆ ಸಾಫ್ಟ್‌ವೇರ್.

ಒಂದು ಖಾತೆ ಕೆಟ್ಟರೆ ಅದೇ ಬ್ಯಾಂಕಿನಲ್ಲಿರುವ ಆ ಸಾಲಗಾರರ ಮನೆ ಸಾಲ, ವಾಹನ ಸಾಲವೂ ಎನ್‌ಪಿಎ ಆಗುತ್ತವೆ. ಸ್ವಲ್ಪ ಕಟ್ಟಿ ಸರಿಪಡಿಸುವ ದಾರಿಯನ್ನು ರಿಸರ್ವ್ ಬ್ಯಾಂಕಿನ 2021ರ ನವೆಂಬರ್ ಸುತ್ತೋಲೆ ಮುಚ್ಚಿದೆ. ಅಸಲು, ಬಡ್ಡಿಯ ಬಾಕಿ ಪೂರ್ತಿ ಚುಕ್ತಾ ಆಗಬೇಕು. ಎನ್‌ಪಿಎ ಆದ ಮೇಲೆ ಸ್ಟೇಟ್‌ಮೆಂಟಿನಲ್ಲಿ ಬಡ್ಡಿ ಕಾಣದೆ ಕೆಲವರು ಬಡ್ಡಿ ನಿಂತಿತು ಎಂದು ನಿರಾಳರಾಗುತ್ತಾರೆ. ಬ್ಯಾಂಕು ಅದನ್ನು ಆದಾಯವಾಗಿ ತೋರಿಸುವುದಿಲ್ಲ, ಅಷ್ಟೆ. ಬೇರೆ ಪುಸ್ತಕದಲ್ಲಿ ಲೆಕ್ಕ ಓಡುತ್ತಲೇ ಇರುತ್ತದೆ. ಕಟ್ಟದ ಬಡ್ಡಿಯನ್ನು ಆದಾಯ ತೆರಿಗೆಯಲ್ಲಿ ಖರ್ಚೆಂದು ಕಳೆಯಲೂ ಆಗದು. ಹೊಸ ಸಾಲವಾಗಿ ಪರಿವರ್ತಿಸಿದರೂ ಅದು ಕಟ್ಟಿದಂತಲ್ಲ.

ಮುಂದಿನದು, ಕೋರ್ಟಿಗೆ ಹೋಗದೆಯೇ ಅಡವಿನ ಆಸ್ತಿ ವಶಪಡಿಸಿಕೊಳ್ಳಲು ಬ್ಯಾಂಕಿಗೆ ಬಿಡುವ ಸರ್ಫೇಸಿ ಕಾಯ್ದೆಯ 60 ದಿನದ ನೋಟಿಸ್. ಕೃಷಿ ಜಮೀನು ಇದಕ್ಕೆ ಹೊರತು, ಕನ್ವರ್ಷನ್ ಆದ ಕಾರ್ಖಾನೆ ಜಾಗ ಅಲ್ಲ. ನೋಟಿಸಿಗೆ ಲಿಖಿತ ಆಕ್ಷೇಪಣೆ ಕೊಟ್ಟರೆ ಬ್ಯಾಂಕು 15 ದಿನದೊಳಗೆ ಕಾರಣ ಸಹಿತ ಉತ್ತರಿಸಬೇಕು, ಆದ್ದರಿಂದ ಸ್ವೀಕೃತಿಯ ಸೀಲು ಹಾಕಿಸಿಕೊಂಡೇ ಕೊಡಿ. ಸ್ವಾಧೀನಕ್ಕೆ ಬಂದ ಮೇಲೆ ಸಾಲ ವಸೂಲಾತಿ ನ್ಯಾಯಮಂಡಳಿಗೆ ಹೋಗಲು ಇರುವುದು 45 ದಿನ.